‘ಸ್ಪೇರ್ ಅಂದ್ರ ಸಿಟ್ಟು ಬರ್ತೈತಿ’

ಆದೋನಿ ಕೋಟೆ, ಮಂತ್ರಾಲಯ, ಎರ್ರಗುಡಿಯ ಅಶೋಕನ ಶಾಸನ ಎಲ್ಲವನ್ನೂ ರೀಲಿನ ಕ್ಯಾಮೆರಾದಲ್ಲೇ ಹಿಡಿಯುವ ಚಟ ನಮ್ಮ ಗೆಳೆಯರಿಗೆ ಮತ್ತೆ ಹತ್ತಿದೆ. ದೊಡ್ಡ ಕ್ಯಾಮೆರಾ ಕೈಕೊಟ್ಟರೆ ಸ್ಪೇರ್ ಆಗಿ ಯಾವುದನ್ನು ಒಯ್ಯುವುದು? ಈ ಜಗಳ ಮುಗಿಯುವಂತಿಲ್ಲ. ಉಮೇದುವಾರ ಕ್ಯಾಮೆರಾಗಳಲ್ಲಿ ಒಬ್ಬರಾದ ಶ್ರೀ ಆಗ್ಫಾ ಕ್ಲಿಕ್ ತ್ರೀ ಆದೋನಿ ಸ್ಟೇಷನ್ನಿನ ಬೆಂಚಿನ ಮೇಲೆ ಮಾತಿಗೆ ಸಿಕ್ಕರು.

ನಿಮ್ಮನ್ನೇ ಯಾಕೆ ಒಯ್ಯಬೇಕು?

ಸೆಲ್ ಬ್ಯಾಡ, ಚಾರ್ಜರ್ ಬ್ಯಾಡ. ಬಿಸಿಲಿಗೊಂದು ಗುರುತು, ಮೋಡಕ್ಕೊಂದು. ಈ ಸೀಮ್ಯಾಗ ಮೋಡದ ಗುರುತು ತುಕ್ಕು ಹಿಡದೈತಿ, ಆ ಮಾತು ಬ್ಯಾರೆ. ನಿಮ್ಮ ಜಪಾನಿನ ದೊಡ್ಡ ಸಾಹೇಬ್ರು ಸೆಲ್ ಸತ್ತ ಕೂಡ್ಲೆ ಕಲ್ಲು. ಆದ್ರೂ ಕೊರಳಿಗೆ ಹಾರ ಅವ್ರು, ಶೇಂಗಾ ಪುಡಿ ಡಬ್ಬಿ ಕೆಳಗ ನಾನು.

1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದಾಗ ನಿಮಗೇನನ್ನಿಸಿತು?

ನಾನಿನ್ನೂ ಹುಟ್ಟಿದ್ದಿಲ್ರೀ. ರೋಲಿನ ಸುದ್ದಿ ಕೇಳ್ರಿ. ನನಗ 120 ನಂಬರಿನ ರೋಲು ಬೇಕು, ಒಂದು ರೋಲಿಗೆ 12 ಚೌಕ ಪಟ. ಒಂದು ಕಾಲಕ್ಕ ಊಟಿ ಕಾರ್ಖಾನಿಂದ ‘ಇಂದು’ ರೋಲ್ ಬರ್ತಿತ್ತು. ಅದಕ್ಕೂ ಬಾಗಿಲು ಬಿತ್ತು. ಈಗ ನನಗ ಊಟ ಹಾಕೋ ದುಡ್ಡಿನಾಗ ನನ್ನ ತಮ್ಮನ್ನೂ ಕೊಂಡ್ಕೋಬೋದು.

ಇಲ್ಲಿನ ಕನ್ನಡ ಶಾಲೆಗಳ ಬೋರ್ಡು ನಿಮ್ಮ ಲೆನ್ಸಿಗೆ ಕಾಣುತ್ತದೆಯೇ?

ತೊಳಿಯೋರು ಯಾರು, ಹೇಳ್ರಿ? ತೆಗದ ರೋಲು ಕೊರಿಯರ್‌ನಾಗ ಬೆಂಗಳೂರಿಗೆ ಹೋಗಬೇಕು...

ನೋಡಿದಿರಾ, ಬೆಂಗಳೂರಿಗೇ! ಆದೋನಿ ನಮ್ಮಲ್ಲೇ ಉಳಿದಿದ್ದರೆ...

ಸಾಕು ಮಾಡ್ರಿ. ಕೋಸಿಗಿ, ಕೌತಾಳಂ ಕಡೆ ಹತ್ತಿ ಬಿಡಿಸಿ ಮುಗದ ಮ್ಯಾಲೆ ಮಂದಿ ಮಕ್ಕಳು ಮರಿ ಕಟ್ಕೊಂಡು ಗಾಡಿ ತುಂಬಿ ಗುಂಟೂರಿಗೆ ಹೋಗ್ತಾರ, ಮೆಣಸಿನಕಾಯಿ ಬಿಡಿಸಾಕ. ಮನಿಗೆ ಬೀಗ, ಕಟ್ಟಿ ಮ್ಯಾಲೆ ಮುದುಕ್ರು. ಅವರ ಪ್ರವಾಸಕ್ಕ ಎರಡನೇ ಕ್ಯಾಮೆರಾ ಯಾವುದು ಅಂತ ಯಾರಾದ್ರೂ ಕೇಳಿದ್ರಾ? ತೆಲುಗು ಬೋರ್ಡಿರ್ಲಿ, ಕನ್ನಡ ಬೋರ್ಡಿರ್ಲಿ, ಒಳಗ ಹುಡುಗ್ರಿಲ್ಲ. ತುಂಗಭದ್ರಾ ಕೆಳಮಟ್ಟದ ಕಾಲುವೆ (ಎಲ್‌ಎಲ್‌ಸಿ) ನೀರು ಬಳ್ಳಾರಿ ಸೀಮೆ ದಾಟಿ ಇಲ್ಲಿಗೆ ಬರೋದ್ರೊಳಗ ಎಷ್ಟು ಉಳಿತೈತಿ? ಅದನ್ನ ನಿಮ್ಮ ಕಡೆಯವ್ರನ್ನ ಕೇಳ್ರಿ. ನೀರಿದ್ದಿದ್ರ ಇವರು ಯಾಕ ಹೋಗ್ತಿದ್ರು?

(ನಮ್ಮ ಪಟ್ಟಿಯಲ್ಲಿ ಇನ್ನೊಂದು ಪ್ರಶ್ನೆ ಉಳಿದಿತ್ತು.) ಆ ಕಾಲುವೆಯ ಮೇಲಿನ ಫಲಕ ಯಾವ ಭಾಷೆಯಲ್ಲಿದೆ?

ಒಂದ ಫ್ರೇಮ್ ಉಳದೈತಿ. ನಿಮ್ಮ ಬೋರ್ಡಿಗಂತೂ ಕೊಡಂಗಿಲ್ಲ.