ಹಾನಗಲ್ಲ ಸೀಮೆಯ ಜೆಆರ್‌ಎಫ್ ಕಥನ: ಪಾಠಾಂತರಗಳ ಒಂದು ಅಧ್ಯಯನ

ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲೂಕುಗಳಲ್ಲಿ ವಿಜ್ಞಾನದ ಪಿಎಚ್.ಡಿ. ಅವಕಾಶವೆಂಬುದು ಉದ್ಯೋಗವಾರ್ತೆಯಲ್ಲ, ಒಂದು ಮೌಖಿಕ ಪರಂಪರೆ. ಆದಕಾರಣ ಅದನ್ನು ಜಾನಪದದ ವ್ಯಾಪ್ತಿಗೆ ಸೇರಿಸತಕ್ಕದ್ದೆಂಬುದು ಈ ಪ್ರಬಂಧದ ಪ್ರತಿಪಾದನೆ. ಲಕ್ಷಣಗಳೆಲ್ಲ ಕೂಡಿಬಂದಿವೆ. ಕರ್ತೃ ಅಜ್ಞಾತ: 'ಯಾರೋ ಸೀನಿಯರ್ ಹೇಳ್ಯಾರಂತ' ಎಂಬಲ್ಲಿಗೆ ಮೂಲದ ಹುಡುಕಾಟ ನಿಲ್ಲುತ್ತದೆ. ಪ್ರಸರಣ ಬಾಯಿಂದ ಬಾಯಿಗೆ, ಹೆಚ್ಚಾಗಿ ಧಾರವಾಡದ ಬಸ್ಸಿನಲ್ಲಿ. ಲಿಖಿತ ಪ್ರತಿ ದೊರೆತರೂ ಅದು ವಾಟ್ಸಾಪಿನಲ್ಲಿ ಬಂದ ಫೋಟೊದ ಫೋಟೊ: ಮೇಲೆ ಸಂಸ್ಥೆಯ ಲಾಂಛನ ಸ್ಪಷ್ಟ, ಅಂಚಿನಲ್ಲಿ ಯಾರದೋ ಹೆಬ್ಬೆರಳು, ಕೊನೆಯ ದಿನಾಂಕವಿದ್ದ ಕೆಳಸಾಲು ಮಾತ್ರ ಇಲ್ಲ. ಹಸ್ತಪ್ರತಿ ಪಂಡಿತರು ಇಂಥದನ್ನು ತ್ರುಟಿತ ಪ್ರತಿ ಎನ್ನುತ್ತಾರೆ.

ಬಲವಾದ ಆಧಾರವಿರುವುದು ಪಾಠಾಂತರಗಳಲ್ಲಿ. ಜೆಆರ್‌ಎಫ್ ಎಂಬ ಸಂಶೋಧನಾ ಫೆಲೋಶಿಪ್ ಆದರೆ ತಿಂಗಳಿಗೆಷ್ಟು ಎಂದು ಕೇಳಬೇಕು. '25 ಸಾವಿರ' ಎಂದವರ ಪಾಠ 2014ರ ಅಕ್ಟೋಬರಿನಿಂದ 2018ರ ಕೊನೆಯವರೆಗಿನದು. '31 ಸಾವಿರ' ಎಂಬುದು 2019ರಿಂದ 2022ರವರೆಗಿನದು. '37 ಸಾವಿರ' 2023ರ ಜನವರಿಯಿಂದೀಚಿನದು. ಶಾಸನ ಓದುವವರು ಲಿಪಿ ನೋಡಿ ಕಾಲ ಊಹಿಸಿ ಜಗಳಾಡುತ್ತಾರೆ. ನಮಗೆ ಸ್ಟೈಪೆಂಡಿನ ಮೊತ್ತವೇ ಸಾಕು. 'ಪೇಪರ್ ಪ್ರಿಂಟ್ ಆಗದ ಥೀಸಿಸ್ ಕೊಡಂಗಿಲ್ಲ' ಎಂಬ ಆಶಯವೂ ಹೀಗೆಯೇ ಪ್ರಾಚೀನ. 2022ರ ಯುಜಿಸಿ ನಿಯಮಾವಳಿ ಆ ಕಡ್ಡಾಯವನ್ನು ಕೈಬಿಟ್ಟಿತು, ಪರಂಪರೆ ಬಿಡಲಿಲ್ಲ. 2024ರಿಂದ ನೆಟ್ ಅರ್ಹತಾ ಪರೀಕ್ಷೆಯ ಫಲಿತಾಂಶದಲ್ಲಿ ಮೂರು ವರ್ಗಗಳಿವೆ: ಜೆಆರ್‌ಎಫ್, ಅದು ತಪ್ಪಿದರೆ ಸಹಾಯಕ ಪ್ರಾಧ್ಯಾಪಕ ಅರ್ಹತೆಯೊಡನೆ ಪಿಎಚ್.ಡಿ. ಪ್ರವೇಶ, ಅದೂ ತಪ್ಪಿದರೆ ಪಿಎಚ್.ಡಿ. ಪ್ರವೇಶ ಮಾತ್ರ. ಕೊನೆಯ ಎರಡರಲ್ಲಿ ನೆಟ್ ಅಂಕಕ್ಕೆ ಶೇ. 70, ಸಂದರ್ಶನಕ್ಕೆ ಶೇ. 30ರ ತೂಕ, ಅಂಕದ ಆಯುಷ್ಯ ಒಂದು ವರ್ಷ. ನಮ್ಮ ಕಥನಕ್ಕೆ ಇಂದಿಗೂ ಎರಡೇ ಅಂತ್ಯ: 'ಆತು', 'ಹೋತು'. ಮೂರನೆಯ ವರ್ಗದಲ್ಲಿ ಪಾಸಾದವರು ನಪಾಸಾದೆವೆಂದುಕೊಂಡು ಊರಿಗೆ ಮರಳುವುದಕ್ಕೆ ಇದಕ್ಕಿಂತ ಶಾಸ್ತ್ರೀಯ ವಿವರಣೆ ಬೇರೆ ಸಿಗದು.

ಸಿಎಸ್‌ಐಆರ್ ನೆಟ್ ಅಧಿಸೂಚನೆ ಎಲ್ಲರಿಗೂ ಬಹಿರಂಗ, ಅದು ಹೇಗೆ ಮೌಖಿಕ ಎಂದು ಆಕ್ಷೇಪಿಸಬಹುದು. ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಇರುತ್ತದೆ. ರಸಾಯನ, ಭೂಮಿ, ಜೀವ, ಗಣಿತ, ಭೌತ ಎಂಬ ಐದೂ ವಿಜ್ಞಾನಗಳು ಕನ್ನಡಕ್ಕೆ ಬರುವುದು ಬಾಯಿಮಾತಿನ ದಾರಿಯಲ್ಲೇ. ಧಾರವಾಡ ಹತ್ತಿರವಿದೆಯಲ್ಲ ಎಂಬುದು ಎರಡನೆಯ ಆಕ್ಷೇಪ. ಅಲ್ಲಿ ಕರ್ನಾಟಕ ವಿಶ್ವವಿದ್ಯಾಲಯವಿದೆ, 1986ರ ಕೃಷಿ ವಿಶ್ವವಿದ್ಯಾಲಯವಿದೆ, 2016ರಿಂದ ಐಐಟಿಯೂ ಇದೆ, ಒಪ್ಪೋಣ. ಆದರೆ ಜನಪದ ಕಥೆಯಲ್ಲಿ ನಿಧಿ ಯಾವಾಗಲೂ ಹೊಳೆಯಾಚೆಗೇ ಇರಬೇಕು. ಈಚೆ ದಡದಲ್ಲಿ ಉಳಿಯುವುದು ಸಂಶೋಧನೆಯ ವಸ್ತು: ಆಫ್ರಿಕ ಮೂಲದ ಅಡನ್ಸೋನಿಯಾ ಡಿಜಿಟೇಟಾ ಮರ ಸವಣೂರಿನ ಮಠದಲ್ಲಿ ದೊಡ್ಡಹುಣಸೆ ಎಂಬ ಹೆಸರಿನಿಂದ ನಿಂತಿದೆ. ಕಾಂಡದ ಸುತ್ತಳತೆ ಹಿಡಿಯುವ ಟೇಪಿಗೆ ಮಾತ್ರ ಫೆಲೋಶಿಪ್ ಬೇಕು.

ಶಿಗ್ಗಾವಿ ತಾಲೂಕಿನ ಗೊಟಗೋಡಿಯಲ್ಲೇ 2011ರಿಂದ ವಿಶ್ವವಿದ್ಯಾಲಯವಿದೆಯಲ್ಲ ಎಂಬ ಕೊನೆಯ ಆಕ್ಷೇಪವಂತೂ ನಮ್ಮ ಪಕ್ಷಕ್ಕೇ ಬಲ ಕೊಡುತ್ತದೆ, ಏಕೆಂದರೆ ಅದು ಜಾನಪದ ವಿಶ್ವವಿದ್ಯಾಲಯ. ವಿಷಯ ಇಲ್ಲಿದೆ, ಕ್ಷೇತ್ರಕಾರ್ಯಕ್ಕೆ ನಾಲ್ಕು ತಾಲೂಕುಗಳಿವೆ, ಅಧ್ಯಯನಪೀಠ ಊರ ಮಗ್ಗುಲಲ್ಲೇ ಇದೆ. ಈ ವಸ್ತುವಿನ ಮೇಲೆ ಅಲ್ಲಿ ಒಂದು ಪಿಎಚ್.ಡಿ. ಕೂಡಲೇ ಆರಂಭವಾಗಬೇಕು. ಅಭ್ಯರ್ಥಿಗೆ ಸಂಬಂಧಪಟ್ಟ ವಿಷಯದಲ್ಲಿ ಸ್ನಾತಕೋತ್ತರ ಪದವಿ ಇರಬೇಕಾದ್ದರಿಂದ ಎಂ.ಎಸ್ಸಿ. ಆದವರು ಅರ್ಜಿ ಹಾಕುವಂತಿಲ್ಲ. ವಕ್ತೃಗಳಾಗಿ ಹೇಳಿಕೆ ಕೊಡಬಹುದು.