ಓಟ್ಸ್ ರಾಯರು

ಬೆಂಗಳೂರಿನ ಮಲ್ಲತ್ತಹಳ್ಳಿ ಕೆರೆಯ ಸುತ್ತ ಬೆಳಗ್ಗೆ ನಡೆಯಲು ಬರುವವರು ಸಕ್ಕರೆ ಕಾಯಿಲೆಗೆ ಹೆದರುತ್ತಾರೆ, ಬೀದಿನಾಯಿಗಳಿಗೆ ಹೆದರುತ್ತಾರೆ, ಎಲ್ಲಕ್ಕಿಂತ ಹೆಚ್ಚಾಗಿ ಓಟ್ಸ್ ರಾಯರ ಸ್ಟೀಲ್ ಡಬ್ಬಿಗೆ ಹೆದರುತ್ತಾರೆ. ಮುಚ್ಚಳ ತೆಗೆದ ಟಪ್ ಸದ್ದು ಕಿವಿಗೆ ಬಿತ್ತೋ, ಅಲ್ಲಿಯವರೆಗೆ ಮಂಡಿನೋವೆಂದು ಕುಂಟುತ್ತಿದ್ದವರೂ ಬೀಸುಹೆಜ್ಜೆ ಹಾಕುತ್ತಾರೆ. ತಪ್ಪಿಸಿಕೊಳ್ಳಲಾಗದವರ ಅಂಗೈಗೆ ಕಂದುಬಣ್ಣದ ಚೌಕದ ತುಂಡೊಂದು ಬೀಳುತ್ತದೆ. "ತಗೊಳ್ಳಿ ಸಾರ್, ಓಟ್ಸ್ ಬಾರು. ಮನೇಲೇ ಮಾಡಿದ್ದು. ಸಕ್ಕರೆ ಇಲ್ಲ, ಮೈದಾ ಇಲ್ಲ, ಎಣ್ಣೆ ಇಲ್ಲ." ಹಾಗಾದರೆ ಇದರಲ್ಲಿ ಇರುವುದಾದರೂ ಏನು ಎಂದು ಹೊಸಬರು ಯಾರಾದರೂ ಕೇಳಿಬಿಟ್ಟರೆ, ಉತ್ತರ ಮುಗಿಯುವಷ್ಟರಲ್ಲಿ ಕೆರೆಗೆ ಒಂದು ಸುತ್ತು ಪೂರ್ತಿಯಾಗಿರುತ್ತದೆ.

ಇಂಥವರು ಇವರೊಬ್ಬರೇ ಎಂದುಕೊಳ್ಳಬೇಡಿ. ನಾಗರಬಾವಿಯಲ್ಲೂ ಇದ್ದಾರೆ, ವಿಜಯನಗರದಲ್ಲೂ ಇದ್ದಾರೆ, ಕೆಂಗೇರಿ ಕಡೆ ಈಗೀಗ ಹೆಚ್ಚುತ್ತಿದ್ದಾರೆ. ತಿಂಗಳು ತಿಂಗಳು ಬರುವ ಪಿಂಚಣಿ, ಮೂವತ್ತು ನಲವತ್ತರ ಸೈಟಿನಲ್ಲಿ ಸಾಲ ತೀರಿದ ಮನೆ, ಮಹಡಿಯ ಮೇಲೆ ಡಾ. ಅಂಬೇಡ್ಕರ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿ ಓದುವ ಬಾಡಿಗೆ ಹುಡುಗರು, ಅಮೆರಿಕದಲ್ಲಿ ಮಗಳು, ರಕ್ತಪರೀಕ್ಷೆಯ ವರದಿಯಲ್ಲಿ ದಪ್ಪಕ್ಷರದಲ್ಲಿ ಅಚ್ಚಾದ ಒಂದೆರಡು ಸಾಲು. ಇಷ್ಟಿದ್ದರೆ ಅರ್ಹತೆ ಬಂದಂತೆ.

ನಮ್ಮ ರಾಯರು ಸರ್ವೀಸಿನಲ್ಲಿದ್ದಷ್ಟು ಕಾಲ ಲೆಕ್ಕಪತ್ರ ನೋಡಿಕೊಂಡವರು. ಹಾಲು ಉಕ್ಕುತ್ತಿದ್ದರೆ ಪೇಪರಿನಿಂದ ತಲೆಯೆತ್ತದೆ "ಏನೇ, ಹಾಲು ಉಕ್ತಾ ಇದೆ" ಎಂದು ಕೂಗಿ ತಿಳಿಸುವುದೇ ಅಡುಗೆಮನೆಗೆ ಅವರು ಸಲ್ಲಿಸಿದ ಸೇವೆ. ಬದಲಾವಣೆ ಬಂದದ್ದು ಮಗಳ ಬಾಣಂತನಕ್ಕೆ ಹೋದಾಗ. ಬಾಣಂತನ ಹೆಂಡತಿಯದು, ಇವರು ಜೊತೆಗೆ ಹೋದವರು. ಹೊರಗೆ ಹಿಮ, ಒಳಗೆ ಅಳಿಯ ಮಗಳು ಇಬ್ಬರೂ ಲ್ಯಾಪ್‌ಟಾಪಿನ ಮುಂದೆ. ಮಾತಾಡಿಸಲು ಮಗುವೊಂದೇ, ಅದೂ ನಿದ್ದೆ ಹೋಗಿರುತ್ತಿತ್ತು. ಮಾಡಲು ಕೆಲಸವಿಲ್ಲದ ರಾಯರು ಕಾಸ್ಟ್‌ಕೋದಿಂದ ಬಂದ ಗ್ರಾನೋಲಾ ಬಾರಿನ ಭಾರೀ ಪೆಟ್ಟಿಗೆಯ ಹಿಂಬದಿ ಓದತೊಡಗಿದರು. ಆಡಿಟ್ ಮಾಡಿದ ಕಣ್ಣು. ಓಟ್ಸ್, ಜೇನು, ಕಡಲೆಬೀಜ ಇಷ್ಟು ಒಪ್ಪಿದವು. ಉಳಿದ ಸಾಲುಗಳಿಗೆ ವೋಚರ್ ಇರಲಿಲ್ಲ. "ಇಷ್ಟೇನಾ? ಇದನ್ನ ಮನೇಲೇ ಮಾಡ್ಬೋದಲ್ಲೇ" ಎಂದವರೇ ಮಗಳ ಮನೆಯ ಗೋಡೆಯೊಳಗೆ ಕೂರಿಸಿದ್ದ ಓವನ್ನಿನ ಬಾಗಿಲು ತೆಗೆದರು. ವೀಸಾದ ಆರು ತಿಂಗಳು ಮುಗಿಯುವಷ್ಟರಲ್ಲಿ ಮೊಮ್ಮಗಳು ಮಗುಚಿಕೊಳ್ಳುವುದನ್ನು ಕಲಿತಿದ್ದಳು, ಅಜ್ಜ ಬೇಕ್ ಮಾಡುವುದನ್ನು ಕಲಿತಿದ್ದರು. ವಾಪಸ್ ಬರುವಾಗ ಸೂಟ್‌ಕೇಸಿನಲ್ಲಿ ಬಾದಾಮಿ, ಚಾಕೊಲೇಟ್ ಜೊತೆಗೆ ಅಳತೆಯ ಕಪ್ಪುಗಳ ಒಂದು ಗೊಂಚಲು ಬಂತು.

ಮಲ್ಲತ್ತಹಳ್ಳಿಯ ಮನೆಯಲ್ಲೂ ಓವನ್ ಇತ್ತು. ಯಾವುದೋ ದಸರಾ ರಿಯಾಯಿತಿಯಲ್ಲಿ ಕೊಂಡ ಓಟಿಜಿ. ವರ್ಷಕ್ಕೊಮ್ಮೆ ಆಯುಧಪೂಜೆಗೆ ಅದಕ್ಕೆ ಅರಿಸಿನ ಕುಂಕುಮ ಸಲ್ಲುತ್ತಿತ್ತು, ಮಿಕ್ಕ ದಿನ ಅದರೊಳಗೆ ಒಬ್ಬಟ್ಟಿನ ಹಂಚು, ಚಕ್ಕುಲಿ ಒರಳು, ದೊಡ್ಡ ಬಾಣಲೆ ವಾಸ. ರಾಯರು ಇವುಗಳಿಗೆಲ್ಲ ಮನೆ ಖಾಲಿ ಮಾಡಿಸಿದರು. "ಹಬ್ಬದ ಪಾತ್ರೆ ಎಲ್ಲಿಡ್ಲಿ ರೀ?" ಎಂದು ಹೆಂಡತಿ ಕೇಳಿದ್ದಕ್ಕೆ ಇನ್ನೂ ಉತ್ತರ ಬಂದಿಲ್ಲ. ಹಂಚು ಈಗ ಟಿವಿ ಹಿಂದೆ ಇದೆ.

ಓಟಿಜಿ ಎದ್ದು ಕೂತಮೇಲೆ ಗೃಹಜ್ಯೋತಿಯ ಲೆಕ್ಕ ಶುರುವಾಯಿತು. ಸರ್ಕಾರದ ಈ ಪುಕ್ಕಟೆ ಕರೆಂಟಿನ ಯೋಜನೆಯಲ್ಲಿ 200 ಯೂನಿಟ್ ಎಂದು ಎಲ್ಲರೂ ಹೇಳುತ್ತಾರಾದರೂ ಪುಕ್ಕಟೆ ಸಿಗುವುದು 2022-23ರಲ್ಲಿ ಆ ಮನೆ ಬಳಸಿದ ಸರಾಸರಿ, ಅದರ ಮೇಲೆ ನೂರಕ್ಕೆ ಹತ್ತು. ರಾಯರ ದುರದೃಷ್ಟ ನೋಡಿ: ಅದೇ ವರ್ಷ ಅರ್ಧಕಾಲ ಅವರು ಅಮೆರಿಕದಲ್ಲಿ, ಮನೆಗೆ ಬೀಗ. ಸರಾಸರಿ ನೆಲಕಚ್ಚಿ ಹೋಯಿತು. ಅಲ್ಲಿ ಓವನ್ ಕಲಿತ ತಪ್ಪಿಗೆ ಇಲ್ಲಿ ಓವನ್ ಹಚ್ಚುವ ಭಾಗ್ಯ ಕಿರಿದಾಯಿತು. ಒಂದೂವರೆ ಸಾವಿರ ವ್ಯಾಟಿನ ಓಟಿಜಿ ಬಿಸಿಯಾಗಲು ಹತ್ತು ನಿಮಿಷ, ಬಾರು ಬೇಯಲು ಇಪ್ಪತ್ತೈದು, ಅಲ್ಲಿಗೆ ಒಂದು ತಟ್ಟೆಗೆ ಒಂದು ಯೂನಿಟ್ಟಿಗೆ ತುಸು ಕಡಿಮೆ. ಓವನ್ ಉರಿಯುವಾಗ ಹಾಲ್‌ನಲ್ಲಿ ಫ್ಯಾನ್ ಹಾಕುವಂತಿಲ್ಲ. ಬೆವರುತ್ತ ಕೂತವರಿಗೆ ರಾಯರು ಆರೋಗ್ಯದ ಮಹತ್ವ ವಿವರಿಸುತ್ತಾರೆ.

ಅವರು ಬಾರು ಮಾಡುವುದನ್ನು ನೋಡಬೇಕು. ಕೈ ತೊಳೆದು, ಕನ್ನಡಕ ಒರೆಸಿ, ತೂಕದ ಯಂತ್ರ ಸೊನ್ನೆಗೆ ತಂದು, ನೋಟ್‌ಬುಕ್ಕಿನಲ್ಲಿ ದಿನಾಂಕ ಬರೆಯುತ್ತಾರೆ. ಅಗಲ ಎಸಳಿನ ಓಟ್ಸು 200 ಗ್ರಾಂ. ಪುಡಿಪುಡಿಯಾದ ಇನ್‌ಸ್ಟಂಟ್ ಓಟ್ಸು ಮುದ್ದೆಯಾಗುತ್ತದೆಂದು ಅದಕ್ಕೆ ಪ್ರವೇಶವಿಲ್ಲ. ಅಗಲ ಎಸಳಿನದನ್ನು ಬಾಣಲೆಯಲ್ಲಿ ಘಮ್ಮೆನ್ನುವವರೆಗೆ ಬೆಚ್ಚಗೆ ಹುರಿದು, ಹುರಿದು ಸಿಪ್ಪೆ ಕೇರಿದ ಕಡಲೆಬೀಜ 100 ಗ್ರಾಂ, ಬೀಜ ತೆಗೆದು ಹೆಚ್ಚಿದ ಖರ್ಜೂರ 100 ಗ್ರಾಂ, ಬಾದಾಮಿ ಕುಂಬಳಬೀಜ ಎಲ್ಲ ಸೇರಿ 50 ಗ್ರಾಂ ಬೆರೆಸುತ್ತಾರೆ. 150 ಗ್ರಾಂ ಬೆಲ್ಲವನ್ನು ಎರಡು ಚಮಚ ತುಪ್ಪ, ತುಸು ನೀರಿನ ಜೊತೆ ಕರಗಿಸಿ ಮೇಲೆ ಸುರಿಯುತ್ತಾರೆ. "ಎಣ್ಣೆ ಇಲ್ಲ ಅಂದ್ರಿ?" ಎಂದರೆ, "ತುಪ್ಪ ಎಣ್ಣೆ ಅಲ್ಲ ಸಾರ್" ಎಂಬ ಉತ್ತರ ಸಿದ್ಧವಾಗಿರುತ್ತದೆ. ಆಮೇಲೆ ಬೆಣ್ಣೆ ಕಾಗದ ಹಾಸಿದ ತಟ್ಟೆಗೆ ಹಾಕಿ ಲೋಟದ ತಳದಿಂದ ಒತ್ತಿ, 160 ಡಿಗ್ರಿಗೆ ಮುಳ್ಳು ತಿರುಗಿಸಿ, ಗಾಜಿನ ಮುಂದೆ ಸ್ಟೂಲ್ ಹಾಕಿಕೊಂಡು ಕೂರುತ್ತಾರೆ. ಅವರ ಮೊಬೈಲಿನಲ್ಲಿ ಈಗ ಮೊಮ್ಮಗಳಿಗಿಂತ ತಟ್ಟೆಯ ಫೋಟೋಗಳೇ ಜಾಸ್ತಿ.

ಇಲ್ಲಿಯವರೆಗೆ ಏನೂ ಕೆಡುವುದಿಲ್ಲ. ಕೆಡುವುದು ಹೊರಗೆ ತೆಗೆದಮೇಲೆ. ಬಾರು ಪೂರ್ತಿ ಆರಬೇಕು. ಬಿಸಿಯಲ್ಲಿ ಬೆಲ್ಲ ಇನ್ನೂ ಪಾಕವೇ, ತಣಿದಮೇಲಷ್ಟೇ ಅದು ಹಿಡಿದುಕೊಳ್ಳುವುದು. ಇದು ರಾಯರಿಗೆ ಗೊತ್ತು, ನೋಟ್‌ಬುಕ್ಕಿನಲ್ಲಿ ಕೆಂಪು ಶಾಯಿಯಲ್ಲಿ ಬರೆದಿದ್ದಾರೆ. ಆದರೆ ಬೆಲ್ಲ ತುಪ್ಪದ ವಾಸನೆ ಮೂಗಿಗೆ ಬಂದಮೇಲೆ ಕೆಂಪು ಶಾಯಿ ಏನು ಮಾಡೀತು? ಚಾಕು ಇಳಿಸುತ್ತಾರೆ, ಬಾರು ಉದುರುತ್ತದೆ. ಉದುರಿದ್ದನ್ನು ಸೀಸೆಗೆ ತುಂಬಿ ಮೇಲೆ ಚೀಟಿ ಅಂಟಿಸುತ್ತಾರೆ: ಗ್ರಾನೋಲಾ. ಮನೆಯಲ್ಲಿ ಈಗ ಗ್ರಾನೋಲಾದ ಸೀಸೆಗಳು ಒಂದು ಸಾಲು ಇವೆ. "ಕೊಬ್ಬರಿ ಮಿಠಾಯಿ ಒಂದಿನವಾದ್ರೂ ಉದುರಿದ್ದು ನೋಡಿದೀರಾ ನಮ್ಮನೇಲಿ?" ಎಂದು ಹೆಂಡತಿ ಕೇಳುತ್ತಾರೆ. ಅವರದು ಬಟ್ಟಲ ನೀರಿಗೆ ಒಂದು ಹನಿ ಪಾಕ ಬಿಟ್ಟು, ಬೆರಳಲ್ಲಿ ಉಂಡೆ ಕಟ್ಟಿ, ಬಟ್ಟಲ ಅಂಚಿಗೆ ಬಡಿದರೆ ಟಣ್ ಎನ್ನುವ ವಿದ್ಯೆ. ಆ ಟಣ್ಣಿನ ಹೊತ್ತಿಗೆ ಪಾಕ 120 ಡಿಗ್ರಿ ದಾಟಿರುತ್ತದೆ, ಥರ್ಮಾಮೀಟರ್ ಇಲ್ಲದೆ.

ಇನ್ನು ರಾಯರ ಸಿದ್ಧಾಂತ. ಅವರ ತುದಿನಾಲಿಗೆಯಲ್ಲಿರುವ ಇಸವಿ 1997. ಆ ವರ್ಷ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ, ಓಟ್ಸಿನಲ್ಲಿರುವ ಬೀಟಾ ಗ್ಲುಕಾನ್ ಎಂಬ ನಾರು ಕೊಲೆಸ್ಟರಾಲ್ ತಗ್ಗಿಸಿ ಹೃದ್ರೋಗದ ಅಪಾಯ ಕಡಿಮೆ ಮಾಡಬಹುದೆಂದು ಪೊಟ್ಟಣದ ಮೇಲೆ ಬರೆದುಕೊಳ್ಳಲು ಒಪ್ಪಿಗೆ ಕೊಟ್ಟಿತು. ದಿನಕ್ಕೆ ಮೂರು ಗ್ರಾಂ ಆ ನಾರು ಸೇರಬೇಕು. ಅದು ನಿಜ. ಈಗ ರಾಯರದೇ ನೋಟ್‌ಬುಕ್ ತೆಗೆದುಕೊಳ್ಳೋಣ. ಮೂರು ಗ್ರಾಂ ನಾರಿಗೆ ಹೆಚ್ಚುಕಡಿಮೆ 75 ಗ್ರಾಂ ಓಟ್ಸು ಬೇಕು. ತಟ್ಟೆಯನ್ನು ಹನ್ನೆರಡು ತುಂಡು ಮಾಡಿದರೆ ಒಂದರಲ್ಲಿ ಇರುವುದು 17 ಗ್ರಾಂ. ಅಂದರೆ ಹೃದಯ ಉಳಿಯಬೇಕಾದರೆ ದಿನಕ್ಕೆ ನಾಲ್ಕೂವರೆ ಬಾರಾದರೂ ತಿನ್ನಬೇಕು. ನಾಲ್ಕೇ ಬಾರಿನ ಜೊತೆಗೂ 50 ಗ್ರಾಂ ಬೆಲ್ಲ ಒಳಗೆ ಹೋಗುತ್ತದೆ. ಬೆಲ್ಲದಲ್ಲೂ ಬಹುಪಾಲು ಇರುವುದು ಸಕ್ಕರೆಯಲ್ಲಿರುವ ಸುಕ್ರೋಸೇ, ರಕ್ತ ಅದಕ್ಕೆ ಬೇರೆ ಕೌಂಟರ್ ಇಟ್ಟಿಲ್ಲ. ಒಂದು ಬಾರಿನ ಕ್ಯಾಲೊರಿ 200ರ ಮೇಲೆ, ಕೆರೆಯ ಸುತ್ತ ಒಂದು ಗಂಟೆ ನಡೆದು ಕರಗಿಸಿದ್ದು ಹೆಚ್ಚುಕಡಿಮೆ ಅಷ್ಟೇ.

ಜೀವಮಾನವಿಡೀ ಲೆಕ್ಕ ಮಾಡಿದವರಿಗೆ ಇದು ತಿಳಿಯದೇ? ತಿಳಿಯುತ್ತದೆ. ರಕ್ತಪರೀಕ್ಷೆಯ ವರದಿ ಬಂದ ದಿನದಿಂದ ಮೈಸೂರುಪಾಕು, ಒಬ್ಬಟ್ಟು, ಪಾಯಸದ ಮೇಲೆಲ್ಲ ತಡೆಯಾಜ್ಞೆ. ಮದುವೆ ಮನೆಯಲ್ಲಿ ಎಲೆಯ ಮುಂದೆ ಹೆಂಡತಿಯ ಕಣ್ಣು ತಪ್ಪಿಸಿ ಜಹಾಂಗೀರ್ ಒಂದು ಚೂರು ಮುರಿಯುವುದೂ ಕಷ್ಟ. ಅದೇ ಬೆಲ್ಲ, ಅದೇ ತುಪ್ಪ ಓಟ್ಸಿನ ಜೊತೆ ಓವನ್ನಿಗೆ ಹೋಗಿ ಬಂದರೆ ಔಷಧಿ. ಯಾರೂ ಕೈ ಹಿಡಿಯುವುದಿಲ್ಲ. ನನ್ನ ಅನುಮಾನ, ಈ ಜಗತ್ತಿನ ಓಟ್ಸ್ ಬಾರುಗಳಲ್ಲಿ ಅರ್ಧದಷ್ಟನ್ನು ತಿನ್ನುತ್ತಿರುವವರು ಸಿಹಿ ಬಿಟ್ಟವರೇ.

ತಾವು ತಿಂದರೆ ಸಾಲದು, ಸಾಕ್ಷಿಗಳೂ ಬೇಕು. ಆ ಡಬ್ಬಿ ಹುಟ್ಟಿದ್ದು ಹಾಗೆ. ಕಲಾಗ್ರಾಮದ ಸಮುಚ್ಚಯ ಭವನದಲ್ಲಿ ನಾಟಕವಿದ್ದರೆ ಡಬ್ಬಿಯೂ ಬರುತ್ತದೆ. ಒಮ್ಮೆ ರಾಜಕುಮಾರ ಸಾಯುವ ದೃಶ್ಯದಲ್ಲಿ, ಸಭೆಯೆಲ್ಲ ಉಸಿರು ಹಿಡಿದು ಕೂತಿದ್ದಾಗ, ಮೂರನೇ ಸಾಲಿನಿಂದ ಕರಂ ಕುರುಂ ಶುರುವಾಗಿ, ಸತ್ತ ರಾಜಕುಮಾರನೇ ಒಂದು ಕಣ್ಣು ತೆರೆದು ನೋಡಿದ.

ಮೂಲೆಯಲ್ಲಿ ಸೊಪ್ಪು ಮಾರುವ ಅಜ್ಜಿ ಮಲ್ಲತ್ತಹಳ್ಳಿ ಇನ್ನೂ ಹಳ್ಳಿಯಾಗಿದ್ದ ಕಾಲದವಳು. ರಾಯರು ಕೊಟ್ಟ ತುಂಡನ್ನು ತಿರುಗಿಸಿ ಮುರುಗಿಸಿ ನೋಡಿದಳು. "ಇದ್ಯಾವ್ ಕಾಳು ಸಾಮಿ?" ರಾಯರು ಓಟ್ಸು ಎಂದರು. ಪಕ್ಕದಲ್ಲಿದ್ದ ಕಿಡಿಗೇಡಿಯೊಬ್ಬ "ಫಾರಿನ್‌ನಲ್ಲಿ ಕುದುರೆಗೆ ಹಾಕ್ತಾರಜ್ಜಿ" ಎಂದ. ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. 1755ರಲ್ಲಿ ಅಚ್ಚಾದ ತನ್ನ ನಿಘಂಟಿನಲ್ಲಿ ಸ್ಯಾಮ್ಯುಯೆಲ್ ಜಾನ್ಸನ್ ಓಟ್ಸಿಗೆ ಅರ್ಥ ಬರೆಯುವಾಗ ಇಂಗ್ಲೆಂಡಿನ ಕುದುರೆಗಳನ್ನೂ ಸ್ಕಾಟ್ಲೆಂಡಿನ ಜನರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿದ್ದ. ರಾಯರ ಮುಖ ಸಣ್ಣಗಾಯಿತು. ಅಜ್ಜಿಗೆ ಮಾತ್ರ ಇದರಲ್ಲಿ ಅವಮಾನವೇನೂ ಕಾಣಲಿಲ್ಲ. "ಅದ್ಕೇನಂತೆ? ನಮ್ಮನೇಲಿ ಎತ್ಗೋಳ್ಗೆ ಹುಳ್ಳಿ ಬೇಯ್ಸಿ, ಕಟ್ಟು ಬಸ್ದು ನಾವ್ ಸಾರ್ ಮಾಡ್ಕೊಂತಿದ್ವಿ. ಎತ್ಗೂ ನಮ್ಗೂ ಒಂದೇ ಒಲೆ" ಎಂದು ಬಾಯಿಗೆ ಹಾಕಿಕೊಂಡಳು. ಸ್ವಲ್ಪ ಅಗಿದು, "ರಾಗಿ ಹುರಿಟ್ಟಿಗೆ ಬೆಲ್ಲ ಹಾಕುದ್ರೆ ಇದ್ಕಿಂತ ವಾಸಿ" ಎಂದು ತೀರ್ಪು ಕೊಟ್ಟಳು. ಸುಣ್ಣದಂಶದ ಲೆಕ್ಕದಲ್ಲಂತೂ ಅಜ್ಜಿಯ ಮಾತಿಗೆ ಎದುರಿಲ್ಲ. 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂ ದಾಟುವ ಕ್ಯಾಲ್ಸಿಯಂ ಓಟ್ಸಿನಲ್ಲಿ 50ರ ಆಸುಪಾಸಿನಲ್ಲಿ ನಿಲ್ಲುತ್ತದೆ. ರಾಯರು ಆ ಸಂಜೆ ನೋಟ್‌ಬುಕ್ಕಿನಲ್ಲಿ ರಾಗಿ ಎಂದು ಬರೆದು ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿದರು.

ತಟ್ಟೆಯ ಬಾರೆಲ್ಲ ಮೊದಲ ಸಲ ಬಾರಿನಂತೆ ನಿಂತದ್ದು ಸಂಕ್ರಾಂತಿ ಕಳೆದ ವಾರದಲ್ಲಿ. ಹೆಂಡತಿ ಹಬ್ಬಕ್ಕೆ ಮುಂಚೆ ದಿನಗಟ್ಟಲೆ ಕೂತು ಕೊಬ್ಬರಿ, ಬೆಲ್ಲ ಸಣ್ಣಗೆ ಹೆಚ್ಚಿ, ಬಿಸಿಲಲ್ಲಿ ಒಣಗಿಸಿ, ಎಳ್ಳು, ಹುರಿಗಡಲೆ, ಕಡಲೆಬೀಜ ಬೆರೆಸಿಟ್ಟಿದ್ದರು. ಬೀರಿ ಮುಗಿದು ಒಂದು ಡಬ್ಬಿ ಎಳ್ಳುಬೆಲ್ಲ ಉಳಿಯಿತು. ಓಟ್ಸು, ಪಾಕದ ಹೊರತು ಬಾರಿಗೆ ಬೇಕಾದದ್ದೆಲ್ಲ ಅದರಲ್ಲಿ ಆಗಲೇ ಇತ್ತು, ಹೆಚ್ಚಿಯೂ ಆಗಿತ್ತು. ರಾಯರು ಓಟ್ಸು ಸುರಿದರು. ಪಾಕ ಹಿಡಿಯುವ ಹೊತ್ತಿಗೆ ಫೋನು ಬಂದು ಹೊರಗೆ ಹೋದರು, ಮಗಳದು. ಅಷ್ಟರಲ್ಲಿ ಹೆಂಡತಿ ಬಟ್ಟಲು ನೀರು ತಂದು ಹನಿ ನೋಡಿ ಒಲೆ ಆರಿಸಿದರು. ಮಗಳ ಮಾತು ಉದ್ದವಾಯಿತು, ತಟ್ಟೆ ಓವನ್ನಿಗೆ ಹೋಗಿ ಬಂದು ಪೂರ್ತಿ ತಣಿಯುವಷ್ಟು ಉದ್ದವಾಯಿತು. ಬಂದು ಚಾಕು ಇಟ್ಟರೆ ಹನ್ನೆರಡಕ್ಕೆ ಹನ್ನೆರಡೂ ಅಂಚು ಮುಕ್ಕಾಗದ ಚೌಕ! ನೋಟ್‌ಬುಕ್ಕಿನಲ್ಲಿ ಯಶಸ್ಸಿನ ಕಾರಣ ಎಂಬ ಕಾಲಮ್ಮಿನಲ್ಲಿ ರಾಯರು ಬರೆದದ್ದು: 160 ಡಿಗ್ರಿ, ಸರಿಯಾದ ಪ್ರೀಹೀಟ್.

ಹೆಂಡತಿ ಅದನ್ನು ಓದಿ ಏನೂ ಹೇಳದೆ ಒಬ್ಬಟ್ಟಿನ ಹಂಚನ್ನು ಟಿವಿ ಹಿಂದಿನಿಂದ ತೆಗೆದು ಓಟಿಜಿಯೊಳಗೆ ಇಟ್ಟರು. ರಾಯರು ಹೊರಗೆ ತೆಗೆದಿಟ್ಟರು.

ಆ ವಾರವೇ ಮಹಡಿಯ ಮೇಲಿನ ಹುಡುಗರು ಹಬ್ಬ ಮುಗಿಸಿ ಊರಿಂದ ಬಂದರು. ರಾಯರ ಬಾರುಗಳನ್ನು ಕೊಟ್ಟ ಕೂಡಲೇ, ಕೊಟ್ಟಷ್ಟೂ ತಿನ್ನುವವರು ಅವರೇ. ಮೆಸ್ಸಿನ ಊಟ ಉಣ್ಣುವವರಿಗೆ ಮನೆಯ ಯಾವುದೂ ಅಡ್ಡಿಯಿಲ್ಲ. ಅವರಲ್ಲಿ ಕಲಬುರಗಿ ಕಡೆಯವನು ಮೊದಲ ಬಾರು ತಿಂದಾಗಲೇ "ಭಾಳ ಚಲೋ ಅದರಿ ಅಂಕಲ್, ನಮ್ಮ ಕಡೆ ಶೇಂಗಾ ಚಿಕ್ಕಿ ಇದ್ದಂಗ ಅದ" ಎಂದು ಹೊಗಳಿ ರಾಯರ ಎದೆಗೆ ಚುಚ್ಚಿದ್ದ. ಈ ಸಲ ಅವನು ಅವ್ವ ಕಟ್ಟಿಕೊಟ್ಟ ಚಿಕ್ಕಿಯನ್ನೇ ತಂದು ಕೈಗಿಟ್ಟ. ಕನ್ನಡಿಯಷ್ಟು ತೆಳ್ಳಗಿತ್ತು. ರಾಯರು ಒಂದು ತುಂಡು ಮುರಿದರು, ಕಣ್ಣು ಮುಚ್ಚಿ ಅಗಿದರು, ಇನ್ನೊಂದು ಮುರಿದರು. ಆಮೇಲೆ ನೋಟ್‌ಬುಕ್ ತೆರೆದು ಪೆನ್ನಿನ ಕ್ಯಾಪು ತೆಗೆದರು.

"ನಿಮ್ಮಮ್ಮ ಎಷ್ಟು ಡಿಗ್ರಿಯಪ್ಪಾ?"

ಹುಡುಗ ತುಸು ನಾಚಿಕೊಂಡ. "ಡಿಗ್ರಿ ಎಲ್ಲಿ ಬಂತ್ರಿ ಅಂಕಲ್, ನಮ್ಮವ್ವ ಏಳನೇತ್ತ ಅಷ್ಟ ಓದ್ಯಾಳ."