ಸುಂಕದವನ ಮುಂದೆ ಚಿನ್ನದ ಗಟ್ಟಿ

ಸುಂಕದವನ ಮುಂದೆ ಸುಖ-ದುಃಖ ಹೇಳಿಕೊಂಡು ಪ್ರಯೋಜನವಿಲ್ಲ ಎಂದು ಗಾದೆ ಕಟ್ಟಿದವರಿಗೆ, ಪಾಪ, ಸ್ವಿಟ್ಜರ್ಲೆಂಡಿನ ಪರಿಚಯ ಇರಲಿಲ್ಲ. 2025ರ ಆಗಸ್ಟ್ 1 ಸ್ವಿಸ್ ಜನರ ರಾಷ್ಟ್ರೀಯ ದಿನ. ಅವರು ಹಬ್ಬಕ್ಕೆ ಬಾವುಟ ಕಟ್ಟುತ್ತಿದ್ದ ಹೊತ್ತಿಗೆ, ನಿಮ್ಮ ಸರಕಿಗೆ ಶೇ 39 ಸುಂಕ ಎಂಬ ಸುದ್ದಿ ವಾಷಿಂಗ್ಟನ್ನಿನಿಂದ ಬಂತು. ಆಗಿನ ಸ್ವಿಸ್ ಅಧ್ಯಕ್ಷೆ ಕರಿನ್ ಕೆಲ್ಲರ್-ಸುಟರ್ ಫೋನಿನಲ್ಲಿ ಲೆಕ್ಕ ಒಪ್ಪಿಸಿ ನೋಡಿದರು, ವಿಮಾನ ಹತ್ತಿ ಓಡಿಯೂ ನೋಡಿದರು. ಟ್ರಂಪ್ ಸಾಹೇಬರ ದರ್ಶನವೂ ಆಗದೆ ಬರಿಗೈಯಲ್ಲಿ ಊರಿಗೆ ಮರಳಿದರು. ನವೆಂಬರಿನಲ್ಲಿ ಅದೇ ದೇಶದ ಒಂದಷ್ಟು ಶತಕೋಟ್ಯಧಿಪತಿಗಳು ಶ್ವೇತಭವನಕ್ಕೆ ಹೋದರು. ಅವರ ಕೈ ಬರಿದಾಗಿರಲಿಲ್ಲ. ರೋಲೆಕ್ಸ್ ಕಂಪನಿಯ ಮೇಜಿನ ಗಡಿಯಾರವಿತ್ತು, ಅಕ್ಷರ ಕೆತ್ತಿದ ಚಿನ್ನದ ಗಟ್ಟಿಯಿತ್ತು. ಕೆಲವೇ ದಿನಗಳಲ್ಲಿ 39 ಹೋಗಿ 15 ಆಯಿತು. ಗಡಿಯಾರಕ್ಕೂ ಸುಂಕಕ್ಕೂ ಸಂಬಂಧವಿದೆ ಎಂದು ನಾನು ಹೇಳುತ್ತಿಲ್ಲ. ಸ್ವಿಸ್ ಕಂಪನಿಗಳು ಅಮೆರಿಕದಲ್ಲಿ 200 ಬಿಲಿಯನ್ ಡಾಲರ್ ಹೂಡುವ ಮಾತನ್ನೂ ಕೊಟ್ಟಿವೆ. ಒಂದರ ಹಿಂದೆ ಒಂದು ನಡೆದವು, ಅಷ್ಟೇ.

ನಮ್ಮಲ್ಲೂ ಹನ್ನೆರಡನೇ ಶತಮಾನದಲ್ಲಿ ಸುಂಕದ ಬಂಕಣ್ಣ ಎಂಬ ಶರಣನಿದ್ದ. ಸುಂಕ ವಸೂಲಿ ಕಾಯಕ, ಬಿಡುವಿದ್ದಾಗ ವಚನ. ಈಗಿನ ಸುಂಕದಣ್ಣನೂ ಬರೆಯುತ್ತಾರೆ, ಟ್ರೂತ್ ಸೋಷಿಯಲ್‌ನಲ್ಲಿ, ಪೂರ್ತಿ ಕ್ಯಾಪಿಟಲ್ ಅಕ್ಷರಗಳಲ್ಲಿ. ವ್ಯತ್ಯಾಸವೇನೆಂದರೆ ಬಂಕಣ್ಣನ ವಚನ ಓದಿ ಯಾವ ದೇಶದ ಷೇರುಪೇಟೆಯೂ ಬೀಳುತ್ತಿರಲಿಲ್ಲ.

ಇದೆಲ್ಲ ಶುರುವಾದದ್ದು 2025ರ ಏಪ್ರಿಲ್ 2ರಂದು. ಶ್ವೇತಭವನದ ಗುಲಾಬಿ ತೋಟದಲ್ಲಿ ಟ್ರಂಪ್ ಒಂದು ದೊಡ್ಡ ಫಲಕ ಎತ್ತಿ ಹಿಡಿದರು. ಎಡಕ್ಕೆ ದೇಶಗಳ ಹೆಸರು, ಬಲಕ್ಕೆ ಶಿಕ್ಷೆ. ವಿಯೆಟ್ನಾಂ 46, ಶ್ರೀಲಂಕಾ 44, ಚೀನಾ 34, ಭಾರತ 26. ಪೆಂಗ್ವಿನ್ ಮತ್ತು ಸೀಲ್ ಬಿಟ್ಟರೆ ನರಪಿಳ್ಳೆಯೂ ಇಲ್ಲದ, ಅಂಟಾರ್ಕ್ಟಿಕದ ದಾರಿಯಲ್ಲಿರುವ ಹರ್ಡ್ ಮತ್ತು ಮೆಕ್‌ಡೊನಾಲ್ಡ್ ದ್ವೀಪಗಳಿಗೂ ಶೇ 10. ಯಾಕೆ ಸ್ವಾಮಿ ಎಂದು ಪತ್ರಕರ್ತರು ಕೇಳಿದಾಗ, ಬೇರೆ ದೇಶದವರು ಆ ಸಂದಿಯಿಂದ ಮಾಲು ನುಗ್ಗಿಸಬಾರದಲ್ಲ ಎಂದು ವಾಣಿಜ್ಯ ಮಂತ್ರಿ ಹೊವಾರ್ಡ್ ಲಟ್ನಿಕ್ ಸಮಜಾಯಿಷಿ ಕೊಟ್ಟರು. ಪೆಂಗ್ವಿನ್‌ಗಳಿಂದ ಈವರೆಗೆ ಪ್ರತೀಕಾರದ ಸುಂಕ ಬಂದಿಲ್ಲ. ವಿಶ್ವ ವ್ಯಾಪಾರದಲ್ಲಿ ಸಂಯಮ ಕಾಯ್ದುಕೊಂಡ ಏಕೈಕ ಸಮುದಾಯ ಅದೇ ಇರಬೇಕು.

ಈ ಶೇಕಡಾವಾರುಗಳು ಎಲ್ಲಿಂದ ಬಂದವು ಎಂಬುದು ಇನ್ನೂ ಸ್ವಾರಸ್ಯ. ಆ ದೇಶ ನಮ್ಮ ಮೇಲೆ ಹಾಕಿದ ಸುಂಕಕ್ಕೆ ಪ್ರತಿಯಾಗಿ ನಾವು ಹಾಕುತ್ತಿದ್ದೇವೆ ಎಂಬುದು ಘೋಷಣೆ. ಲೆಕ್ಕವೇ ಬೇರೆ. ಆ ದೇಶದೊಂದಿಗಿನ ವ್ಯಾಪಾರ ಕೊರತೆಯನ್ನು ಅಲ್ಲಿಂದ ತರಿಸುವ ಆಮದಿನಿಂದ ಭಾಗಿಸು, ಬಂದದ್ದನ್ನು ಅರ್ಧ ಮಾಡು, ಬೋರ್ಡಿನ ಮೇಲೆ ಬರೆ. ಇದು ಏಳನೇ ಕ್ಲಾಸಿನ ಹುಡುಗನೂ ಮಾಡುವ ಲೆಕ್ಕ ಎಂದು ಗೊತ್ತಾಗಬಾರದಲ್ಲ? ಅದಕ್ಕೇ ಅಮೆರಿಕದ ವ್ಯಾಪಾರ ಪ್ರತಿನಿಧಿ ಕಚೇರಿ ಪ್ರಕಟಿಸಿದ ಸೂತ್ರದಲ್ಲಿ ಎರಡು ಗ್ರೀಕ್ ಅಕ್ಷರಗಳನ್ನು ಕೂರಿಸಲಾಗಿತ್ತು. ಒಂದರ ಬೆಲೆ 4, ಇನ್ನೊಂದರದು 0.25. ಗುಣಿಸಿ ನೋಡಿ. ಉತ್ತರ 1. ಅಂದರೆ ಎರಡೂ ಅಕ್ಷರಗಳು ಸೂತ್ರಕ್ಕೆ ಬಂದದ್ದು ಗಾಂಭೀರ್ಯಕ್ಕಾಗಿ.

ಈ ಲೆಕ್ಕದಲ್ಲಿ ಅತಿ ದೊಡ್ಡ ಅಪರಾಧಿ ಎನಿಸಿಕೊಂಡದ್ದು ದಕ್ಷಿಣ ಆಫ್ರಿಕಾದ ಹೊಟ್ಟೆಯೊಳಗಿರುವ ಪುಟ್ಟ ದೇಶ ಲೆಸೊಥೊ: ಶೇ 50. ಅಲ್ಲಿನ ಬಡವರು ಅಮೆರಿಕನ್ನರಿಗೆ ಜೀನ್ಸ್ ಪ್ಯಾಂಟು ಹೊಲಿದು ಕಳಿಸುತ್ತಾರೆ, ತಿರುಗಿ ಅಮೆರಿಕದಿಂದ ಹೆಚ್ಚೇನೂ ಕೊಳ್ಳುವುದಿಲ್ಲ. ಕೊಳ್ಳಲು ಕಾಸಿಲ್ಲ ಎಂಬುದು ಸೂತ್ರಕ್ಕೆ ತಿಳಿಯದು, ಬಡತನಕ್ಕೆ ಗ್ರೀಕ್ ಅಕ್ಷರವಿಲ್ಲ.

ಇನ್ನು ನಮ್ಮ ಕಥೆ. 26 ಎಂದದ್ದು 25 ಆಯಿತು. ಆಮೇಲೆ ರಷ್ಯಾದ ತೈಲ ಕೊಳ್ಳುತ್ತೀರಿ ಎಂದು ಇನ್ನೊಂದು 25 ಸೇರಿತು. ಒಟ್ಟು 50 ಜಾರಿಗೆ ಬಂದ ದಿನ ಆಗಸ್ಟ್ 27, ಗಣೇಶ ಚತುರ್ಥಿ. ವಿಘ್ನನಿವಾರಕನ ದಿನವೇ ಇಂಥ ಮುಹೂರ್ತ ಇಟ್ಟುಕೊಟ್ಟ ಜೋಯಿಸರು ಯಾರೆಂದು ತಿಳಿಯಲಿಲ್ಲ. ರಷ್ಯಾದ ತೈಲವನ್ನು ನಮಗಿಂತ ಹೆಚ್ಚು ಕೊಂಡದ್ದು ಚೀನಾ. ಅದಕ್ಕೆ ಈ ದಂಡ ಬೀಳಲಿಲ್ಲ. ಏಪ್ರಿಲ್‌ನಲ್ಲಿ ಚೀನಾದ ಮೇಲಿನ ಸುಂಕವನ್ನು 145ಕ್ಕೆ ಏರಿಸಿ ನೋಡಿದ್ದರು. ಕಾರು, ಕ್ಷಿಪಣಿ, ಮೋಟಾರು ಎಲ್ಲಕ್ಕೂ ಬೇಕಾದ ವಿರಳ ಲೋಹಗಳ ನಲ್ಲಿಯನ್ನು ಬೀಜಿಂಗ್ ಒಂದು ಸುತ್ತು ಬಿಗಿ ಮಾಡಿತು. ಮೇ ತಿಂಗಳಿಗೆ 145 ಕರಗಿ 30 ಆಗಿತ್ತು. ಪಾಕಿಸ್ತಾನ ನೊಬೆಲ್ ಶಾಂತಿ ಪ್ರಶಸ್ತಿಗೆ ಟ್ರಂಪ್ ಹೆಸರು ಸೂಚಿಸಿತು. ಅದಕ್ಕೆ ಶೇ 19. ಭಾರತ-ಪಾಕ್ ಯುದ್ಧ ನಿಲ್ಲಿಸಿದ್ದು ತಾನೇ ಎಂದು ಟ್ರಂಪ್ ಹೇಳಿಕೊಂಡರೆ, ನಮ್ಮ ಯುದ್ಧವನ್ನು ನಾವೇ ನಿಲ್ಲಿಸಿಕೊಂಡೆವು ಎಂದು ನಾವು ಹಟ ಹಿಡಿದೆವು. ಹಟಕ್ಕೂ ದರಪಟ್ಟಿಯಲ್ಲಿ ಒಂದು ಕಾಲಂ ಇದ್ದಂತಿದೆ.

ಬ್ರೆಜಿಲಿನದು ಇನ್ನೂ ವಿಶೇಷ. ಅಲ್ಲಿ ಕೊರತೆಯ ಮಾತೇ ಇಲ್ಲ, ಅಮೆರಿಕಕ್ಕೇ ಲಾಭ. ಆದರೂ 50. ಕಾರಣ, ಟ್ರಂಪ್ ಗೆಳೆಯ, ಮಾಜಿ ಅಧ್ಯಕ್ಷ ಬೊಲ್ಸೊನಾರೊ ಮೇಲೆ ಅಲ್ಲಿನ ನ್ಯಾಯಾಲಯ ವಿಚಾರಣೆ ನಡೆಸುತ್ತಿತ್ತು. ಒಂದು ದೇಶದ ಕೋರ್ಟಿನ ಕಲಾಪಕ್ಕೆ ಇನ್ನೊಂದು ದೇಶದ ಬಂದರಿನಲ್ಲಿ ಸುಂಕ ವಿಧಿಸಿದ ಉದಾಹರಣೆ ನನಗಂತೂ ನೆನಪಿಲ್ಲ. ಬೊಲ್ಸೊನಾರೊಗೆ ಜೈಲು ತಪ್ಪಲಿಲ್ಲ, ಅಮೆರಿಕನ್ನರ ಕಾಫಿ ಮಾತ್ರ ತುಟ್ಟಿಯಾಯಿತು. ಹವಾಯಿ, ಪೋರ್ಟೊರಿಕೊ ಬಿಟ್ಟರೆ ಅಮೆರಿಕದಲ್ಲಿ ಕಾಫಿ ಹೆಚ್ಚೇನೂ ಬೆಳೆಯುವುದಿಲ್ಲ, ಬಾಳೆಹಣ್ಣಿನ ಕಥೆಯೂ ಹೆಚ್ಚುಕಡಿಮೆ ಅದೇ. ಹಾಗಾದರೆ ಸುಂಕ ಹಾಕಿ ಯಾವ ಸ್ವದೇಶಿ ತೋಟವನ್ನು ಕಾಪಾಡುತ್ತಿದ್ದರು? ನವೆಂಬರಿನಲ್ಲಿ ಜ್ಞಾನೋದಯವಾಗಿ ಕಾಫಿ, ಬಾಳೆ, ದನದ ಮಾಂಸದ ಮೇಲಿನ ಸುಂಕ ಇಳಿಸಿದರು. ದಿನಸಿ ಬೆಲೆ ಇಳಿಸುತ್ತೇವೆ ಎಂಬ ವಿವರಣೆಯೊಂದಿಗೆ. ಸುಂಕವನ್ನು ವಿದೇಶಿಯರೇ ಕಟ್ಟುತ್ತಾರೆ ಎಂದು ಅದುವರೆಗೂ ಹೇಳಿಕೊಂಡು ಬಂದಿದ್ದರಲ್ಲ, ವಿದೇಶಿ ಕಟ್ಟುವ ಸುಂಕ ತೆಗೆದರೆ ಸ್ವದೇಶಿ ದಿನಸಿ ಯಾಕೆ ಇಳಿಯಬೇಕು ಎಂದು ಯಾರೂ ಕೇಳಲಿಲ್ಲ, ಅಥವಾ ಕೇಳಿದವರಿಗೆ ಮುಂದಿನ ಪತ್ರಿಕಾಗೋಷ್ಠಿಗೆ ಪಾಸು ಸಿಗಲಿಲ್ಲ.

ಬೆಂಗಳೂರಿನಲ್ಲೇ ನಿಂತು ಈ ಸುಂಕದ ನ್ಯಾಯವನ್ನು ನೋಡಬಹುದಿತ್ತು. ದೇವನಹಳ್ಳಿಯ ಫಾಕ್ಸ್‌ಕಾನ್ ಕಾರ್ಖಾನೆಯಲ್ಲಿ ಜೋಡಣೆಯಾದ ಐಫೋನು ಅಮೆರಿಕಕ್ಕೆ ಹೋದರೆ ಹೆಚ್ಚುವರಿ ಸುಂಕ ಸೊನ್ನೆ ಇತ್ತು. ಪೀಣ್ಯದಲ್ಲೋ ಬೊಮ್ಮನಹಳ್ಳಿಯಲ್ಲೋ ಹೊಲಿದ ಕಾಟನ್ ಅಂಗಿ ಹೋದರೆ ಹಳೇ ಸುಂಕದ ಮೇಲೆ ಮತ್ತೆ 50 ಬೀಳುತ್ತಿತ್ತು. ಅಂಗಿಗೆ ಕಾಲರ್ ಕೂರಿಸುವವಳು ಬೆಳಿಗ್ಗೆ ಐದಕ್ಕೆ ಎದ್ದು, ಟಿಫಿನ್ ಡಬ್ಬಿ ಕಟ್ಟಿಕೊಂಡು, ಗಂಟೆಗೆ ಇಷ್ಟು ಪೀಸು ಎಂಬ ಟಾರ್ಗೆಟ್ಟಿನ ಕೆಳಗೆ ಕೂರುವ ಹೆಣ್ಣುಮಗಳು. ಸೂಪರ್‌ವೈಸರ್ ಬಂದು ಈ ತಿಂಗಳು ಓಟಿ ಇಲ್ಲ ಅಂದರೆ, ಅದು ರಷ್ಯಾದ ಕಚ್ಚಾತೈಲದ ವಿಷಯ ಕಣಮ್ಮಾ ಎಂದು ಅವಳಿಗೆ ಬಿಡಿಸಿ ಹೇಳುವುದು ಹೇಗೆ? ಅವಳ ಅಂಗಿಗೂ ಆ ಫೋನಿಗೂ ಇರುವ ಅಂತರ ತಿಳಿಯಬೇಕಾದರೆ ಆಗಸ್ಟ್ 6ರ ದಿನಚರಿ ಓದಿ. ಭಾರತದ ಮೇಲೆ ಎರಡನೇ 25ರ ಆದೇಶಕ್ಕೆ ಟ್ರಂಪ್ ಸಹಿ ಹಾಕಿದ್ದು ಅವತ್ತೇ. ಆಪಲ್‌ನ ಟಿಮ್ ಕುಕ್ 24 ಕ್ಯಾರೆಟ್ ಚಿನ್ನದ ಪೀಠದ ಮೇಲೆ ಗಾಜಿನ ಫಲಕ ಇಟ್ಟು ಅದೇ ಟ್ರಂಪ್‌ಗೆ ಕೊಟ್ಟದ್ದೂ ಅವತ್ತೇ. ಗಾರ್ಮೆಂಟ್ಸ್ ಹೆಣ್ಣುಮಕ್ಕಳ ಯೂನಿಯನ್ನಿನವರು ಚಿನ್ನ ಒಯ್ಯದೇ ಹೋದದ್ದು ಅವರದೇ ತಪ್ಪು.

ಟ್ರಂಪ್ ಸುಂಕ ಏರಿಸಿದ್ದಕ್ಕೆ ದೆಹಲಿ ಏನು ಮಾಡಿತು? ತನ್ನ ಸುಂಕ ಇಳಿಸಿತು. ಹತ್ತಿಯ ಮೇಲಿದ್ದ ಶೇ 11 ಆಮದು ಸುಂಕವನ್ನು ಆಗಸ್ಟ್ 19ರಿಂದ ತೆಗೆದು, ಆಮೇಲೆ ಆ ವಿನಾಯಿತಿಯನ್ನು ಡಿಸೆಂಬರ್ ಅಂತ್ಯದವರೆಗೆ ಎಳೆಯಿತು. ಜವಳಿ ಗಿರಣಿಯವರಿಗೆ ಹತ್ತಿ ಅಗ್ಗವಾಗಲಿ ಎಂಬ ಒಳ್ಳೆಯ ಉದ್ದೇಶ. ರಾಯಚೂರು, ಯಾದಗಿರಿಯ ಹೊಸ ಹತ್ತಿ ಮಾರುಕಟ್ಟೆಗೆ ಬರುವುದೂ ಅದೇ ತಿಂಗಳುಗಳಲ್ಲಿ. ಮಾಸ್ಕೋದವರು ತೈಲ ಮಾರಿದರು, ವಾಷಿಂಗ್ಟನ್ ಸಿಟ್ಟಾಯಿತು, ದಂಡ ತೆತ್ತವನು ಮಾನ್ವಿಯ ರೈತ.

ಆಗಸ್ಟ್ 29ರಿಂದ ಇನ್ನೊಂದು ಪ್ರಹಸನ. 800 ಡಾಲರಿನೊಳಗಿನ ಪಾರ್ಸೆಲ್ಲಿಗೆ ಇದ್ದ ವಿನಾಯಿತಿ ರದ್ದಾಯಿತು. ಫೆಂಟನಿಲ್ ಮಾದಕವಸ್ತು ಈ ಸಣ್ಣ ಪೊಟ್ಟಣಗಳಲ್ಲೇ ಬರುತ್ತದೆ ಎಂಬುದೂ ಒಂದು ಕಾರಣ. ಸುಂಕವನ್ನು ಯಾರು ವಸೂಲು ಮಾಡಬೇಕು, ಎಲ್ಲಿ ಕಟ್ಟಬೇಕು ಎಂಬುದು ವಿಮಾನ ಕಂಪನಿಗೂ ಗೊತ್ತಿರಲಿಲ್ಲ, ಅಂಚೆಯವರಿಗೂ ಗೊತ್ತಿರಲಿಲ್ಲ. ಭಾರತೀಯ ಅಂಚೆ ಅಮೆರಿಕದ ಬಟವಾಡೆಯನ್ನೇ ನಿಲ್ಲಿಸಿತು. ನೂರು ಡಾಲರಿನೊಳಗಿನ ಉಡುಗೊರೆಗೆ ಸುಂಕವೇ ಇಲ್ಲ ಎಂದು ಆದೇಶದಲ್ಲಿ ಬರೆದಿತ್ತು, ಆದರೆ ಒಯ್ಯುವವರೇ ಇರಲಿಲ್ಲ. ನ್ಯೂಜೆರ್ಸಿಯ ಮಗಳಿಗೆ ಮಲ್ಲೇಶ್ವರದ ಅಮ್ಮ ಕಟ್ಟಿಟ್ಟ ಚಟ್ನಿಪುಡಿ, ಹುರಿಗಾಳು, ಬಾಣಂತಿ ಲೇಹ್ಯಕ್ಕೆ ಅಕ್ಟೋಬರ್ 15ರವರೆಗೆ ಅಂಚೆಯ ಬಾಗಿಲು ತೆರೆಯಲಿಲ್ಲ. ಮಹಾಶಕ್ತಿಯೊಂದರ ಭದ್ರತೆ ಇಷ್ಟು ನಾಜೂಕಾಗಿದೆ ಎಂದು ಅಮ್ಮನಿಗೆ ಮೊದಲೇ ಗೊತ್ತಿದ್ದರೆ ಖಾರ ಕಡಿಮೆ ಹಾಕುತ್ತಿದ್ದರು.

ಅಮೆರಿಕದ ಸೋಯಾ ರೈತನೂ ಸುಖವಾಗಿರಲಿಲ್ಲ. ಚೀನಾ ತಿಂಗಳುಗಟ್ಟಲೆ ಅವನ ಕಾಳು ಮುಟ್ಟಲಿಲ್ಲ, ಅರ್ಜೆಂಟೀನಾದಿಂದ ತರಿಸಿತು. ಅದೇ ಹೊತ್ತಿಗೆ ವಾಷಿಂಗ್ಟನ್ ಅರ್ಜೆಂಟೀನಾಕ್ಕೆ 20 ಬಿಲಿಯನ್ ಡಾಲರ್ ನೆರವಿನ ಹಗ್ಗ ಎಸೆಯುತ್ತಿತ್ತು. ಡಿಸೆಂಬರಿನಲ್ಲಿ ಸ್ವಂತ ರೈತರಿಗೆ 12 ಬಿಲಿಯನ್ ಪರಿಹಾರ. ಏಟು ಸರ್ಕಾರದ್ದೇ, ಮುಲಾಮೂ ಸರ್ಕಾರದ್ದೇ.

ಒಮ್ಮೆ ಕೂತ ಸುಂಕ ಸುಲಭವಾಗಿ ಏಳುವುದಿಲ್ಲ. ಪಶ್ಚಿಮ ಜರ್ಮನಿ, ಫ್ರಾನ್ಸ್ ಅಮೆರಿಕದ ಕೋಳಿಗೆ ಸುಂಕ ಹಾಕಿದವೆಂದು ಸಿಟ್ಟಾಗಿ ಅಧ್ಯಕ್ಷ ಲಿಂಡನ್ ಜಾನ್ಸನ್ 1964ರಲ್ಲಿ ಆಮದು ಲಘು ಟ್ರಕ್ಕುಗಳ ಮೇಲೆ ಶೇ 25 ಹೇರಿದರು. ಕೋಳಿ ಜಗಳ ಯಾವಾಗಲೋ ಮುಗಿಯಿತು, ಟ್ರಕ್ಕಿನ ಸುಂಕ ಇನ್ನೂ ಇದೆ. ಅದನ್ನು ತಪ್ಪಿಸಲು ಅಮೆರಿಕದ್ದೇ ಫೋರ್ಡ್ ಕಂಪನಿ ಟರ್ಕಿಯಲ್ಲಿ ಮಾಡಿದ ಸರಕು ವ್ಯಾನಿಗೆ ಹಿಂಬದಿ ಸೀಟು, ಕಿಟಕಿ ಹಾಕಿ, ಇದು ಪ್ರಯಾಣಿಕರ ಗಾಡಿ ಎಂದು ತೋರಿಸಿ ತರಿಸುತ್ತಿತ್ತು. ಬಾಲ್ಟಿಮೋರಿನಲ್ಲಿ ಇಳಿಸಿದ ಮೇಲೆ ಆ ಹೊಚ್ಚಹೊಸ ಸೀಟುಗಳನ್ನು ಕಿತ್ತು ಚೂರು ಮಾಡುತ್ತಿದ್ದರು. ಮನುಷ್ಯರು ಯಾರೂ ಒಮ್ಮೆಯೂ ಕೂರದ ಸೀಟುಗಳು. 2024ರಲ್ಲಿ ಫೋರ್ಡ್ 365 ಮಿಲಿಯನ್ ಡಾಲರ್ ಕೊಟ್ಟು ಕೇಸು ಮುಗಿಸಿಕೊಂಡಿತು. ದೇಶೀ ಉದ್ಯೋಗ ಸೃಷ್ಟಿ ಎಂದರೆ ಸೀಟು ಕೀಳುವವರಿಗೂ ವಕೀಲರಿಗೂ ಸಿಕ್ಕ ಕೆಲಸವೇ ಇರಬೇಕು.

ಇಷ್ಟೆಲ್ಲ ನಕ್ಕ ಮೇಲೆ ಮಲೆನಾಡಿಗೂ ಒಂದು ಸುತ್ತು ಹೋಗಿಬರೋಣ. ಟ್ರಂಪಣ್ಣನ ಸುಂಕ ದಬ್ಬಾಳಿಕೆ ಎಂದು ತೀರ್ಥಹಳ್ಳಿಯಲ್ಲಿ ಬೆಳಿಗ್ಗೆ ಬೈದು, ಅಡಿಕೆಗೆ ಆಮದು ಸುಂಕ ಇನ್ನೂ ಏರಿಸಿ ಎಂದು ಮಧ್ಯಾಹ್ನ ದೆಹಲಿಗೆ ಮನವಿ ಕೊಡುವವರು ನಾವೇ. ಅಡಿಕೆಗೆ ಈಗಲೇ ಶೇ 100 ಸುಂಕವಿದೆ, ಕಿಲೋಗೆ 351 ರೂಪಾಯಿಗಿಂತ ಕೆಳಗೆ ತರಿಸುವಂತಿಲ್ಲ ಎಂಬ ಕಟ್ಟೂ ಇದೆ. ಆದರೂ ಗಡಿ ನುಸುಳಿ ಕಳ್ಳ ಅಡಿಕೆ ಬರುತ್ತಲೇ ಇದೆ. ಕಾಫಿಗೂ ಶೇ 100. ನಮ್ಮದು ರೈತನ ರಕ್ಷಣೆ, ಅವರದು ದಾದಾಗಿರಿ. ಈ ವ್ಯತ್ಯಾಸ ನಮಗೆ ಸ್ಪಷ್ಟವಾಗಿ ಗೊತ್ತು, ಅವರಿಗೆ ಅರ್ಥ ಮಾಡಿಸುವುದು ಮಾತ್ರ ಕಷ್ಟ. ನನ್ನ ಮಟ್ಟಿಗೆ ವ್ಯತ್ಯಾಸ ನಿಜವಾಗಿಯೂ ಇದೆ: ಹತ್ತಿಯಂಥ ಅಪವಾದ ಬಿಟ್ಟರೆ ನಮ್ಮ ಸುಂಕದ ಪಟ್ಟಿ ಹೆಚ್ಚಾಗಿ ಬಜೆಟ್ಟಿನಿಂದ ಬಜೆಟ್ಟಿಗಾದರೂ ನಿಲ್ಲುತ್ತದೆ, ಅಲ್ಲಿನದು ಸಂಜೆಯ ಪೋಸ್ಟಿಗೆ ಬದಲಾಗುತ್ತದೆ.

2026ರ ಫೆಬ್ರವರಿ ಶುರುವಿನಲ್ಲಿ ನಮ್ಮ 50 ಇಳಿದು 18 ಎಂದು ಘೋಷಣೆಯಾಯಿತು. ಇಲ್ಲಿ ಹಾರ-ತುರಾಯಿ, ಅಭಿನಂದನೆ. 20ನೇ ತಾರೀಖು ಅಮೆರಿಕದ ಸುಪ್ರೀಂ ಕೋರ್ಟು 6-3ರ ಬಹುಮತದಲ್ಲಿ, ತುರ್ತುಸ್ಥಿತಿಯ ಕಾಯಿದೆ ಹಿಡಿದುಕೊಂಡು ಸುಂಕ ಹಾಕುವ ಅಧಿಕಾರ ಅಧ್ಯಕ್ಷರಿಗೆ ಇಲ್ಲವೇ ಇಲ್ಲ ಎಂದಿತು. ಕೋರ್ಟಿಗೆ ಹೋದವರಲ್ಲಿ ಮಕ್ಕಳ ಆಟಿಕೆ ಮಾರುವ ಒಂದು ಕಂಪನಿಯೂ ಇತ್ತು. ಸಾಹೇಬರು ಅಂದೇ 1974ರ ಇನ್ನೊಂದು ಕಾಯಿದೆ ಹುಡುಕಿ ಎಲ್ಲರಿಗೂ 10 ಎಂದರು. ತಿಂಗಳುಗಟ್ಟಲೆ ಚೌಕಾಸಿ ಮಾಡಿ 18ಕ್ಕೆ ಒಪ್ಪಿಸಿದವರೂ ಏನೂ ಮಾಡದೆ ಕೂತವರೂ ಒಂದೇ ಸಾಲಿನಲ್ಲಿ ನಿಂತರು.

ರದ್ದಾದ ಸುಂಕದಿಂದ ಆ ಹೊತ್ತಿಗೆ ವಸೂಲಾಗಿದ್ದು ನೂರು ಬಿಲಿಯನ್ ಡಾಲರಿಗೂ ಹೆಚ್ಚು. ಅದನ್ನು ವಾಪಸ್ ಕೇಳುವ ಹಕ್ಕು ಕಸ್ಟಮ್ಸ್‌ನಲ್ಲಿ ಸುಂಕ ಕಟ್ಟಿದ ಆಮದುದಾರನದು. ಅಂಗಡಿಯಲ್ಲಿ ಹೆಚ್ಚಿಗೆ ತೆತ್ತ ಅಮೆರಿಕದ ಗಿರಾಕಿ, ಆರ್ಡರ್ ಕೈತಪ್ಪೀತೆಂದು ರೇಟು ಇಳಿಸಿಕೊಂಡ ಬೆಂಗಳೂರಿನ ರಫ್ತುದಾರ, ಓಟಿ ಕಳೆದುಕೊಂಡ ಟೈಲರ್, ಮಾನ್ವಿಯ ಹತ್ತಿ ರೈತ, ಇವರ ಯಾರ ಹೆಸರೂ ಆ ಕಡತಗಳಲ್ಲಿ ಇಲ್ಲ. ಇವರಿಗೆ ವಾಪಸ್ ಕೇಳುವ ಹಕ್ಕೇನೂ ಇಲ್ಲ.